ಮನೆಯ ಸ್ಟೋರೇಜ್ ಸರ್ವರ್‌ಗೆ ಹೊರಗಿನಿಂದ ಡಿಸ್ಕ್ ಪೆಟ್ಟಿಗೆ ಜೋಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ತೀರ್ಥಹಳ್ಳಿ ಕಡೆ. ಟಿವಿ ಸ್ಟ್ಯಾಂಡಿನ ಕೆಳಗೆ ಸೆಕೆಂಡ್‌ಹ್ಯಾಂಡ್ ಆಫೀಸ್ ಡೆಸ್ಕ್‌ಟಾಪ್ ಒಂದು ಹಗಲೂ ರಾತ್ರಿ ಓಡುತ್ತಿರುತ್ತದೆ, ಅದೇ ನಮ್ಮ ಸರ್ವರ್. ಅಪ್ಪಯ್ಯ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ ತುಂಬಿಸಿಕೊಂಡು ಬಂದ ತಾಳಮದ್ದಳೆ ಕ್ಯಾಸೆಟ್‌ಗಳೆಲ್ಲ ಈಗ ಅದರೊಳಗಿವೆ. ಜೊತೆಗೆ ಮನೆಮಂದಿಯ ಫೋಟೊ, ಮದುವೆ ವಿಡಿಯೊ, ಮಕ್ಕಳ ಫೋನಿನ ಬ್ಯಾಕಪ್. 90 ನಿಮಿಷದ ಒಂದು ಕ್ಯಾಸೆಟ್ ಅನ್ನು ಸಂಕುಚಿಸದೆ ಇಟ್ಟರೆ ಸುಮಾರು 950 ಎಂಬಿ. ಅದು ದೊಡ್ಡದಲ್ಲ. ಜಾಗ ತಿನ್ನುವುದು ಫೋನಿನ 4ಕೆ ವಿಡಿಯೊ, ನಿಮಿಷಕ್ಕೆ 170ರಿಂದ 400 ಎಂಬಿ. ಒಳಗಿದ್ದ ಎರಡು ಡಿಸ್ಕ್ ತುಂಬಿದ ಮೇಲೆ ಹೊರಗೆ ಪೆಟ್ಟಿಗೆ ಜೋಡಿಸಿದೆ. ಆಮೇಲೆ ನೆಂಟರು, ಸ್ನೇಹಿತರು ಕೇಳಿದ ಪ್ರಶ್ನೆಗಳು ಇವು.

ಡಿಸ್ಕ್ ಪೆಟ್ಟಿಗೆ ಅಂದರೆ ಯಾವುದು? ನ್ಯಾಸ್‌ಗೂ ಅದಕ್ಕೂ ಏನು ವ್ಯತ್ಯಾಸ?

ನ್ಯಾಸ್ ಅಂದರೆ ತನ್ನದೇ ಪ್ರೊಸೆಸರ್, ತನ್ನದೇ ಸಾಫ್ಟ್‌ವೇರ್ ಇರುವ ಪೂರ್ತಿ ಕಂಪ್ಯೂಟರ್. ರೂಟರ್‌ಗೆ ಲ್ಯಾನ್ ಕೇಬಲ್ ಸಿಕ್ಕಿಸಿದರೆ ಮನೆಯವರಿಗೆಲ್ಲ ಕಾಣಿಸುತ್ತದೆ. ಡಿಸ್ಕ್ ಪೆಟ್ಟಿಗೆ, ಅಂಗಡಿಯವರ ಮಾತಿನಲ್ಲಿ ಎನ್‌ಕ್ಲೋಶರ್, ಹಾಗಲ್ಲ. ಡಿಸ್ಕ್ ಕೂರಿಸಲು ಜಾಗ, ಪವರ್, ಒಂದು ಫ್ಯಾನ್, ಸಾಟಾವನ್ನು (ಕಂಪ್ಯೂಟರಿನೊಳಗೆ ಡಿಸ್ಕ್ ಸೇರಿಸುವ ಜೋಡಣೆ) ಯುಎಸ್‌ಬಿಗೆ ಬದಲಿಸುವ ಸಣ್ಣ ಬೋರ್ಡು, ಇಷ್ಟೇ ಅದರಲ್ಲಿರುವುದು. ಲೆಕ್ಕಾಚಾರವೆಲ್ಲ ನಿಮ್ಮಲ್ಲಿ ಆಗಲೇ ಇರುವ ಕಂಪ್ಯೂಟರಿನದು. ಅಗ್ಗವಾಗುವುದು ಅದಕ್ಕೇ.

ಜಾಗ ಸಾಲದೆ ಬಂದ ತಕ್ಷಣ ಪೆಟ್ಟಿಗೆ ಕೊಳ್ಳಬೇಕೇ?

ಬೇಡ. ಮೊದಲು ಕೇಸ್ ಬಿಚ್ಚಿ ನೋಡಿ. ಮದರ್‌ಬೋರ್ಡಿನಲ್ಲಿ ಖಾಲಿ ಸಾಟಾ ಪೋರ್ಟ್ ಇದ್ದು, ಡಿಸ್ಕ್ ಕೂರಿಸಲು ಜಾಗವೂ ಇದ್ದರೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಒಳಗಿನ 2 ಟಿಬಿ ತೆಗೆದು 8 ಟಿಬಿ ಹಾಕಿದರೆ ಮುಗಿಯುತ್ತದೆ ಎನ್ನುವಂತಿದ್ದರೆ ಹಾಗೆಯೇ ಮಾಡಿ. ಒಂದು ಅಡಾಪ್ಟರ್, ಒಂದು ಕೇಬಲ್, ಒಂದು ಬೋರ್ಡು ಕಡಿಮೆಯಾದರೆ ಕೈಕೊಡಬಹುದಾದ ವಸ್ತು ಮೂರು ಕಡಿಮೆಯಾದ ಹಾಗೆ. ಪೆಟ್ಟಿಗೆ ಬೇಕಾಗುವುದು ಒಳಗೆ ಜಾಗವೇ ಇಲ್ಲದ ಮಿನಿ ಪಿಸಿ, ಲ್ಯಾಪ್‌ಟಾಪ್, ಸಣ್ಣ ಆಫೀಸ್ ಡೆಸ್ಕ್‌ಟಾಪ್ ಇಟ್ಟುಕೊಂಡ ನಮ್ಮಂಥವರಿಗೆ.

ಯುಎಸ್‌ಬಿ ನಿಧಾನ ಅಲ್ಲವೇ?

ಮನೆ ಬಳಕೆಗೆ ಅಲ್ಲ. ಲೆಕ್ಕ ಹಾಕಿ ನೋಡಿ. ಯುಎಸ್‌ಬಿ 3.0ರ ವೇಗ ಸೆಕೆಂಡಿಗೆ 5 ಗಿಗಾಬಿಟ್, ಕೈಗೆ ಸಿಗುವುದು 400 ಎಂಬಿ ಆಸುಪಾಸು. ತಿರುಗುವ ಡಿಸ್ಕ್ ಒಂದು ಕೊಡುವುದೇ 150ರಿಂದ 250. ಇನ್ನು ಮನೆಯ ಗಿಗಾಬಿಟ್ ಲ್ಯಾನ್‌ನಲ್ಲಿ 110ರ ಮೇಲೆ ಹೆಚ್ಚೇನೂ ಹರಿಯುವುದಿಲ್ಲ. ಅಂದರೆ ಇಕ್ಕಟ್ಟು ಇರುವುದು ಲ್ಯಾನ್‌ನಲ್ಲಿ, ವೈಫೈ ಆದರಂತೂ ಇನ್ನೂ ಮುಂಚೆ. ಪೆಟ್ಟಿಗೆಯ ನಾಲ್ಕೂ ಡಿಸ್ಕ್ ಒಟ್ಟಿಗೆ ಓದುವ ಕೆಲಸ, ಉದಾಹರಣೆಗೆ ಪ್ಯಾರಿಟಿ (ಸತ್ತ ಡಿಸ್ಕಿನದನ್ನು ಮರಳಿ ಕಟ್ಟಲು ಇಡುವ ಲೆಕ್ಕ) ಪರೀಕ್ಷೆ, ಬಂದಾಗ ಮಾತ್ರ ಒಂದೇ ಕೇಬಲ್ ಹಂಚಿಕೊಳ್ಳಬೇಕಾಗಿ ನಿಧಾನವಾಗುತ್ತದೆ. ಅದನ್ನು ರಾತ್ರಿ ಓಡಿಸಿ ಮಲಗಿದರಾಯಿತು. 10 ಗಿಗಾಬಿಟ್ ಪೆಟ್ಟಿಗೆಗೆ ಹೆಚ್ಚು ದುಡ್ಡು ಕೊಡುವ ಮೊದಲು ನಿಮ್ಮ ಕಂಪ್ಯೂಟರಿನ ಪೋರ್ಟೂ ಅಷ್ಟು ವೇಗದ್ದೇ ಎಂದು ನೋಡಿಕೊಳ್ಳಿ.

ಪೋರ್ಟ್ ಮಾತ್ರ 3.0 ಆಗಿರಲೇಬೇಕು. 2.0 ಪೋರ್ಟಿಗೆ ಸಿಕ್ಕಿಸಿದರೆ 40 ಎಂಬಿ ದಾಟುವುದೇ ಕಷ್ಟ. ನಡುವೆ ಯುಎಸ್‌ಬಿ ಹಬ್ ಹಾಕಬೇಡಿ, ಪೆಟ್ಟಿಗೆ ನೇರವಾಗಿ ಕಂಪ್ಯೂಟರಿನ ಹಿಂದಿನ ಪೋರ್ಟಿಗೇ ಹೋಗಲಿ.

ಒಂದೊಂದು ಡಿಸ್ಕಿಗೆ ಒಂದೊಂದು ಕೇಸ್ ಕೊಂಡರೆ ಇನ್ನೂ ಅಗ್ಗವಲ್ಲವೇ?

ಎರಡು ಡಿಸ್ಕ್ ತನಕ ಹೌದು. ಮೂರನೆಯದು ಬಂದಾಗ ಮೂರು ಅಡಾಪ್ಟರ್, ಮೂರು ಕೇಬಲ್, ತುಂಬಿದ ಎಕ್ಸ್‌ಟೆನ್ಷನ್ ಬೋರ್ಡು. ಆ ಅಡಾಪ್ಟರುಗಳಲ್ಲಿ ಒಂದು ಸಡಿಲವಾಗಿರುತ್ತದೆ, ಯಾವುದು ಎಂದು ಹುಡುಕುವುದರಲ್ಲಿ ಭಾನುವಾರ ಕಳೆಯುತ್ತದೆ. ಮೂರು ದಾಟುತ್ತದೆ ಎಂದು ಈಗಲೇ ಗೊತ್ತಿದ್ದರೆ ನಾಲ್ಕು ಬೇ (ಡಿಸ್ಕ್ ಕೂರಿಸುವ ಖಾನೆ) ಇರುವ ಪೆಟ್ಟಿಗೆಯನ್ನೇ ಕೊಂಡು, ಸದ್ಯಕ್ಕೆ ಎರಡು ಡಿಸ್ಕ್ ಹಾಕಿ, ಉಳಿದದ್ದನ್ನು ದುಡ್ಡು ಕೂಡಿದ ಹಾಗೆ ತುಂಬಿಸಿ.

ಮೇಲಿನಿಂದ ಡಿಸ್ಕ್ ನೆಟ್ಟಗೆ ಸಿಕ್ಕಿಸುವ ತೆರೆದ ಡಾಕ್ ಸಿಗುತ್ತದಲ್ಲ, ಅದು ಕಾಪಿ ಮಾಡಲು, ಪರೀಕ್ಷೆ ಮಾಡಲು ಚೆನ್ನ. ವರ್ಷವಿಡೀ ಓಡಿಸಲು ಅಲ್ಲ. ಫ್ಯಾನ್ ಇಲ್ಲ, ಧೂಳು ಕೂರುತ್ತದೆ, ಮಗುವಿನ ಕೈ ತಾಗಿದರೆ ತಿರುಗುತ್ತಿರುವ ಡಿಸ್ಕ್ ಅಲ್ಲಾಡುತ್ತದೆ.

ಪೆಟ್ಟಿಗೆಯಲ್ಲೇ ರೇಡ್ ಇದೆಯಂತೆ. ಅದನ್ನೇ ಕೊಳ್ಳಲೇ?

ರೇಡ್ ಅಂದರೆ ಹಲವು ಡಿಸ್ಕ್ ಕೂಡಿಸಿ ಒಂದಾಗಿ ಓಡಿಸುವ ಏರ್ಪಾಡು. ಇಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಪೆಟ್ಟಿಗೆಗೆ ಬುದ್ಧಿ ಬೇಡ. ನಾಲ್ಕು ಡಿಸ್ಕ್ ಹಾಕಿದರೆ ಕಂಪ್ಯೂಟರಿಗೆ ನಾಲ್ಕು ಡಿಸ್ಕಾಗಿಯೇ ಕಾಣಿಸುವ ಪೆಟ್ಟಿಗೆ ಸಾಕು. ಅದಕ್ಕೆ ಜೆಬಿಒಡಿ ಎನ್ನುತ್ತಾರೆ. ಕೆಲವು ಕಂಪನಿಗಳು ಅದೇ ಹೆಸರಿನಲ್ಲಿ ಡಿಸ್ಕ್‌ಗಳನ್ನು ಸಾಲಾಗಿ ಪೋಣಿಸಿ ಒಂದೇ ದೊಡ್ಡ ಡಿಸ್ಕಾಗಿ ತೋರಿಸುತ್ತವೆ, ಅದನ್ನು ತಪ್ಪಿಸಿ. ನಿಮಗೆ ಬೇಕಾದದ್ದು ಪ್ರತಿ ಡಿಸ್ಕೂ ಬೇರೆಬೇರೆ.

ಕಾರಣ ಹೇಳುತ್ತೇನೆ. ಶಿವಮೊಗ್ಗದಲ್ಲಿ ನನ್ನ ಭಾವನ ಸ್ಟುಡಿಯೊ ಇದೆ. ಆರು ವರ್ಷದ ಮದುವೆ ಫೋಟೊ ರೇಡ್ 5 (ಒಂದು ಡಿಸ್ಕ್ ಸತ್ತರೂ ಡೇಟಾ ಉಳಿಯುವ ಬಗೆ) ಪೆಟ್ಟಿಗೆಯೊಂದರಲ್ಲಿತ್ತು. ಒಂದು ಬೆಳಿಗ್ಗೆ ಪೆಟ್ಟಿಗೆಯ ಬೋರ್ಡು ಸತ್ತಿತು. ನಾಲ್ಕೂ ಡಿಸ್ಕ್ ಆರೋಗ್ಯವಾಗಿದ್ದವು. ಆದರೆ ಅವುಗಳ ಮೇಲೆ ಡೇಟಾ ಹೇಗೆ ಹಂಚಿದೆ ಎನ್ನುವ ಗುಟ್ಟು ಆ ಬೋರ್ಡಿಗೆ ಮಾತ್ರ ಗೊತ್ತಿತ್ತು. ಆ ಮಾಡೆಲ್ ಬರುವುದು ನಿಂತಿತ್ತು. ಹಳೆಯದೊಂದನ್ನು ಹುಡುಕಿ ತರಿಸಲು ಒಂದೂವರೆ ತಿಂಗಳು ಹಿಡಿಯಿತು, ಅಷ್ಟು ದಿನವೂ ಭಾವ ಗಿರಾಕಿಗಳ ಫೋನ್ ಎತ್ತಲು ಹೆದರುತ್ತಿದ್ದರು. ಬೇರೆಬೇರೆ ಡಿಸ್ಕಾಗಿ ಇಟ್ಟಿದ್ದರೆ ಅದೇ ಸಂಜೆ ಯಾವುದಾದರೂ ಕಂಪ್ಯೂಟರಿಗೆ ಸಿಕ್ಕಿಸಿ ಓದಬಹುದಿತ್ತು.

ಪೆಟ್ಟಿಗೆ ಕೊಳ್ಳುವಾಗ ಏನೇನು ನೋಡಬೇಕು?

ಡಬ್ಬದ ಮೇಲೆ ಬರೆಯದೆ ಇರುವ ಸಂಗತಿಗಳೇ ಮುಖ್ಯ. ಸಾಟಾವನ್ನು ಯುಎಸ್‌ಬಿಗೆ ಬದಲಿಸುವ ಒಳಗಿನ ಬ್ರಿಜ್ ಚಿಪ್ ಯಾರದು? ಬಹುಪಾಲು ಪೆಟ್ಟಿಗೆಗಳಲ್ಲಿ ಎಎಸ್‌ಮೀಡಿಯಾ ಅಥವಾ ಜೆಮೈಕ್ರಾನ್ ಇರುತ್ತದೆ. ಓರಿಕೊ, ಟೆರ್ರಾಮಾಸ್ಟರ್, ಸಬ್ರೆಂಟ್ ಹೀಗೆ ಹೊರಗಿನ ಹೆಸರು ಬೇರೆಯಾದರೂ ಒಳಗಿನ ಚಿಪ್ ಒಂದೇ ಇರಬಹುದು. ಯುಎಎಸ್‌ಪಿ ಎಂಬ ಯುಎಸ್‌ಬಿ ಕ್ರಮ ಇದೆಯೇ ನೋಡಿ. ಇದ್ದರೆ ಹಲವು ಆಜ್ಞೆಗಳು ಸಾಲಿನಲ್ಲಿ ನಿಂತು ಕೆಲಸ ಸರಾಗವಾಗುತ್ತದೆ. ಆದರೆ ಕೆಲವು ಚಿಪ್‌ಗಳ ಮೇಲೆ ಲಿನಕ್ಸ್‌ನಲ್ಲಿ ಅದೇ ತೊಂದರೆ ಕೊಟ್ಟು ಡಿಸ್ಕ್ ಕಾಪಿ ನಡುವೆಯೇ ಮಾಯವಾಗುವುದುಂಟು. ಆಗ ಕರ್ನಲ್ ಸೆಟ್ಟಿಂಗಿನಲ್ಲಿ ಆ ಚಿಪ್‌ಗೆ ಮಾತ್ರ ಯುಎಎಸ್‌ಪಿ ನಿಲ್ಲಿಸಬಹುದು. ವೇಗ ಸ್ವಲ್ಪ ಇಳಿಯುತ್ತದೆ, ಡಿಸ್ಕ್ ನೆಲೆ ನಿಲ್ಲುತ್ತದೆ.

ಎರಡನೆಯದು ಸೀರಿಯಲ್ ನಂಬರ್. ನನ್ನ ಮೊದಲ ಪೆಟ್ಟಿಗೆ ನಾಲ್ಕೂ ಡಿಸ್ಕ್‌ಗೆ ಒಂದೇ ಸೀರಿಯಲ್ ಹೇಳುತ್ತಿತ್ತು, ಬರೀ 0123 ಎಂದು ಸಾಗುವ ಅಂಕೆಗಳ ಸಾಲು. ಯಾವುದು ಯಾವ ಡಿಸ್ಕ್ ಎಂದು ತಿಳಿಯಲು ಒಂದೊಂದೇ ಎಳೆದು ನೋಡಬೇಕಾಯಿತು. ತಂದ ದಿನವೇ ಸ್ಮಾರ್ಟ್ ವರದಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಟ್ಟುಕೊಳ್ಳುವ ದಾಖಲೆ) ತೆಗೆದು ನೋಡಿ. ಪ್ರತಿ ಡಿಸ್ಕಿನ ನಿಜವಾದ ಸೀರಿಯಲ್, ಉಷ್ಣತೆ, ಓಡಿದ ಗಂಟೆ ಬರದಿದ್ದರೆ ವಾಪಸ್ ಕೊಡಿ.

ಮೂರನೆಯದನ್ನು ಬಹಳ ಮಂದಿ ಗಮನಿಸುವುದಿಲ್ಲ. ಕೆಲವು ಪೆಟ್ಟಿಗೆಗಳು 512 ಬೈಟಿನ ಸೆಕ್ಟರನ್ನು (ಡಿಸ್ಕಿನಲ್ಲಿ ಡೇಟಾ ಬರೆಯುವ ಚಿಕ್ಕ ತುಂಡು) 4096 ಎಂದು ಬದಲಿಸಿ ತೋರಿಸುತ್ತವೆ. ಅಂಥದ್ದರಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕನ್ನು ನೇರ ಸಾಟಾಗೆ ಹಾಕಿದರೆ ಪಾರ್ಟಿಶನ್ ಕಾಣಿಸುವುದೇ ಇಲ್ಲ. ಆದ್ದರಿಂದ ಡೇಟಾ ತುಂಬುವ ಮೊದಲೇ ಒಂದು ಡಿಸ್ಕಿಗೆ ನಾಲ್ಕು ಫೈಲ್ ಹಾಕಿ, ಕಿತ್ತು ಬೇರೆ ಕಂಪ್ಯೂಟರಿನಲ್ಲಿ ಓದಿ ನೋಡಿ. ಹತ್ತು ನಿಮಿಷದ ಕೆಲಸ. ಭಾವನಿಗೆ ಆದದ್ದು ನಿಮಗೆ ಆಗದಿರಲು ಇದೊಂದೇ ಪರೀಕ್ಷೆ.

ಫ್ಯಾನ್ ಮಾಮೂಲಿ ಅಳತೆಯದಾಗಿದ್ದರೆ ಒಳ್ಳೆಯದು, 80 ಅಥವಾ 120 ಮಿಲಿಮೀಟರ್. ಸದ್ದು ಶುರುವಾದಾಗ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದರೆ ಬದಲಿ ಸಿಗುತ್ತದೆ.

ಕರೆಂಟ್ ಹೋಗಿ ಬಂದರೆ ಪೆಟ್ಟಿಗೆ ತಾನಾಗಿ ಆನ್ ಆಗುತ್ತದೆಯೇ?

ಈ ಪ್ರಶ್ನೆಯನ್ನು ಕೊಳ್ಳುವ ಮೊದಲೇ ಕೇಳಿ. ನಾನು ಕೇಳಿರಲಿಲ್ಲ. ಪವರ್ ಸ್ವಿಚ್ ಎರಡು ಬಗೆ. ಒಂದು ಒತ್ತಿದರೆ ಒಳಗೇ ಕೂರುವುದು, ಕರೆಂಟ್ ಬಂದ ಕೂಡಲೇ ಪೆಟ್ಟಿಗೆ ಏಳುತ್ತದೆ. ಇನ್ನೊಂದು ಒತ್ತಿ ಬಿಟ್ಟರೆ ಹಿಂದಕ್ಕೆ ಬರುವ ಗುಂಡಿ, ಕರೆಂಟ್ ಬಂದರೂ ಯಾರಾದರೂ ಹೋಗಿ ಒತ್ತುವ ತನಕ ಪೆಟ್ಟಿಗೆ ಸುಮ್ಮನಿರುತ್ತದೆ. ನನ್ನದು ಎರಡನೆಯದು. ಆಗುಂಬೆ ಕಡೆಯಿಂದ ಮಳೆ ಇಳಿದರೆ ನಮ್ಮಲ್ಲಿ ದಿನಕ್ಕೆ ಹತ್ತು ಸಲ ಕರೆಂಟ್ ಹೋಗಿ ಬರುತ್ತದೆ. ಒಮ್ಮೆ ಅಮ್ಮನೊಬ್ಬಳನ್ನು ಮನೆಯಲ್ಲಿ ಬಿಟ್ಟು ನಾವೆಲ್ಲ ಧರ್ಮಸ್ಥಳಕ್ಕೆ ಹೋಗಿದ್ದಾಗ ಕರೆಂಟ್ ಬಂದ ಮೇಲೆ ಸರ್ವರ್ ಎದ್ದಿತು, ಪೆಟ್ಟಿಗೆ ಏಳಲಿಲ್ಲ. ಡಿಸ್ಕ್ ಇರಬೇಕಾದ ಫೋಲ್ಡರ್ ಖಾಲಿಯಾಗಿ ನಿಂತಿತ್ತು, ಫೋನ್‌ಗಳ ಬ್ಯಾಕಪ್ ಆ ಖಾಲಿ ಫೋಲ್ಡರಿಗೇ ಸುರಿದು ಸಿಸ್ಟಮ್ ಡಿಸ್ಕ್ ತುಂಬಿ ಸರ್ವರ್ ನಿಂತುಹೋಯಿತು. ಫೋನಿನಲ್ಲಿ ಅಮ್ಮನಿಗೆ "ಟಿವಿ ಕೆಳಗೆ ಕಪ್ಪು ಪೆಟ್ಟಿಗೆ ಉಂಟಲ್ಲ, ಅದರ ಎಡಗಡೆ ಗುಂಡಿ ಒತ್ತು" ಎಂದು ಹೇಳಿ ಪೆಟ್ಟಿಗೆಯನ್ನು ಏಳಿಸಿದ್ದು.

ಆಮೇಲೆ ಮಾಡಿಕೊಂಡದ್ದು ಎರಡು. ಯಾವ ಡಿಸ್ಕ್ ಎಲ್ಲಿ ಕೂರಬೇಕೆಂದು ಲಿನಕ್ಸ್‌ಗೆ ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಡಿಸ್ಕ್‌ಗಳನ್ನು ಯುಯುಐಡಿಯಿಂದ (ಪ್ರತಿ ಡಿಸ್ಕಿಗೂ ಬೇರೆಯಾದ ಗುರುತು ಸಂಖ್ಯೆ) ಗುರುತಿಸಿ, ಪಕ್ಕದಲ್ಲಿ 'ನೋಫೇಲ್' ಬರೆದೆ. ಡಿಸ್ಕ್ ಇಲ್ಲದಿದ್ದರೂ ಸರ್ವರ್ ಏಳುವುದು ಅದರಿಂದ. ಜೊತೆಗೆ ಡಿಸ್ಕ್ ಕೂರುವ ಖಾಲಿ ಫೋಲ್ಡರಿಗೆ ಯಾರೂ ಬರೆಯದ ಹಾಗೆ ಬೀಗ ಹಾಕಿದೆ. ಪೆಟ್ಟಿಗೆ ಇಲ್ಲದಾಗ ಬ್ಯಾಕಪ್ ತಪ್ಪಿತು ಎಂಬ ಸಂದೇಶ ಬರುತ್ತದೆ, ತಪ್ಪು ಜಾಗಕ್ಕೆ ಬೀಳುವುದಿಲ್ಲ.

ಮನೆಯಲ್ಲಿ ಇನ್ವರ್ಟರ್ ಇದೆ. ಯುಪಿಎಸ್ ಬೇರೆ ಬೇಕೇ?

ಇನ್ವರ್ಟರಿನ ಹಿಂದೆ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದನ್ನು ಆನ್ ಮಾಡಿ ನೋಡಿ. ಮಾಮೂಲಿ ಮೋಡಿನಲ್ಲಿ ಬ್ಯಾಟರಿಗೆ ಬದಲಾಗುವ ಹೊತ್ತಿಗೆ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ, ಆ ಮೋಡಿನಲ್ಲಿ ಸಾಮಾನ್ಯವಾಗಿ ಆಗುವುದಿಲ್ಲ. ಆದರೂ ಸಣ್ಣ ಯುಪಿಎಸ್ ಒಂದಿದ್ದರೆ ಇನ್ನೂ ಒಳ್ಳೆಯದು, ಯುಎಸ್‌ಬಿ ಕೇಬಲ್ ಬರುವಂಥದ್ದು. ಬ್ಯಾಟರಿ ಮುಗಿಯುತ್ತಾ ಬಂದಾಗ ಅದು ಸರ್ವರ್‌ಗೆ ಹೇಳುತ್ತದೆ, ಸರ್ವರ್ ಅಚ್ಚುಕಟ್ಟಾಗಿ ಮಲಗುತ್ತದೆ. ಮರೆಯಬಾರದ ಒಂದು ಮಾತು: ಸರ್ವರ್ ಮತ್ತು ಪೆಟ್ಟಿಗೆ ಎರಡೂ ಅದೇ ಯುಪಿಎಸ್‌ಗೆ ಸೇರಬೇಕು. ಸರ್ವರ್ ಮಾತ್ರ ಬದುಕಿ ಪೆಟ್ಟಿಗೆ ಸತ್ತರೆ, ಬರೆಯುತ್ತಿರುವಾಗಲೇ ಡಿಸ್ಕ್ ಕಿತ್ತ ಹಾಗೆ.

ಪೆಟ್ಟಿಗೆಯ ಅಡಾಪ್ಟರ್ ಹೋದರೆ ಯಾವುದಾದರೂ 12 ವೋಲ್ಟ್ ಹಾಕಬಹುದೇ?

ವೋಲ್ಟ್ ಸರಿಯಿದ್ದರೆ ಸಾಲದು. 3.5 ಇಂಚಿನ ಡಿಸ್ಕ್ ತಿರುಗಲು ಶುರುವಾಗುವ ಕೆಲವು ಸೆಕೆಂಡು 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ನಾಲ್ಕು ಒಟ್ಟಿಗೆ ಶುರುವಾದರೆ 8. ಆಮೇಲೆ ತಣ್ಣಗಾಗಿ ಒಂದೊಂದು 5ರಿಂದ 8 ವ್ಯಾಟ್‌ಗೆ ಇಳಿಯುತ್ತದೆ. ಅಡಾಪ್ಟರ್ ಬಡಕಲಾದರೆ ಆ ಮೊದಲ ಸೆಕೆಂಡುಗಳಲ್ಲೇ ಗೊತ್ತಾಗುತ್ತದೆ: ಡಿಸ್ಕ್ ಗುಂಯ್ ಎಂದು ಏಳುತ್ತದೆ, ಟಿಕ್ ಎಂದು ನಿಲ್ಲುತ್ತದೆ, ಮತ್ತೆ ಏಳುತ್ತದೆ. ಈ ಸದ್ದು ಕೇಳಿದರೆ ಡಿಸ್ಕ್ ಸತ್ತಿತೆಂದು ಗಾಬರಿ ಬೀಳುವ ಮೊದಲು ಅಡಾಪ್ಟರ್ ಬದಲಿಸಿ ನೋಡಿ. ವಿದ್ಯುತ್ ಸರಬರಾಜು ಒಳಗೇ ಇದ್ದು ಮಾಮೂಲಿ ಕಂಪ್ಯೂಟರ್ ವೈರ್ ಸಿಕ್ಕಿಸುವ ಪೆಟ್ಟಿಗೆ ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ.

ಯಾವ ಸಾಫ್ಟ್‌ವೇರ್ ಒಳ್ಳೆಯದು? ಝಡ್‌ಎಫ್‌ಎಸ್ ಹಾಕಲೇ?

ಝಡ್‌ಎಫ್‌ಎಸ್ ಅಂದರೆ ಹಲವು ಡಿಸ್ಕ್ ಸೇರಿಸಿ ಒಂದೇ ಪೂಲ್ ಮಾಡಿ ಡೇಟಾ ಕಾಯುವ ಫೈಲ್ ವ್ಯವಸ್ಥೆ. ಅದರ ಬಗ್ಗೆ ನನಗೆ ಗೌರವವಿದೆ, ಆದರೆ ಯುಎಸ್‌ಬಿ ಪೆಟ್ಟಿಗೆಯ ಮೇಲೆ ಹಾಕುವುದಿಲ್ಲ. ಕೇಬಲ್ ಒಮ್ಮೆ ಅಲ್ಲಾಡಿದರೆ ನಾಲ್ಕೂ ಡಿಸ್ಕ್ ಒಂದೇ ಕ್ಷಣ ಕಾಣೆಯಾಗುತ್ತವೆ, ಇಡೀ ಪೂಲ್ ನಿಂತುಬಿಡುತ್ತದೆ. ಸಾಫ್ಟ್‌ವೇರ್ ರೇಡ್ 5 ಕೂಡ ಹಾಗೆಯೇ. ಝಡ್‌ಎಫ್‌ಎಸ್ ಮೇಲೆ ಕಟ್ಟಿದ ಟ್ರೂನ್ಯಾಸ್ ಸಾಫ್ಟ್‌ವೇರ್ ಬಳಸುವ ಹಿರಿಯರೂ ಯುಎಸ್‌ಬಿ ಬೇಡ ಎನ್ನುವುದು ಇದಕ್ಕೆ.

ನನ್ನದು ಓಪನ್‌ಮೀಡಿಯಾವಾಲ್ಟ್ ಎಂಬ ಸ್ಟೋರೇಜ್ ಸಾಫ್ಟ್‌ವೇರ್, ಅದರ ಮೇಲೆ ಮರ್ಜರ್‌ಎಫ್‌ಎಸ್ ಮತ್ತು ಸ್ನ್ಯಾಪ್‌ರೇಡ್. ಪ್ರತಿ ಡಿಸ್ಕೂ ಲಿನಕ್ಸಿನ ಮಾಮೂಲಿ ಫಾರ್ಮ್ಯಾಟ್ ಇಎಕ್ಸ್‌ಟಿ4 ಇರುವ ಡಿಸ್ಕ್, ಕಿತ್ತು ಬೇರೆ ಯಾವ ಲಿನಕ್ಸ್ ಕಂಪ್ಯೂಟರಿಗೆ ಹಾಕಿದರೂ ಅದರಲ್ಲಿರುವ ಫೈಲ್ ಓದಬಹುದು. ಎಲ್ಲವನ್ನೂ ಸೇರಿಸಿ ಒಂದೇ ದೊಡ್ಡ ಫೋಲ್ಡರಾಗಿ ತೋರಿಸುವುದು ಮರ್ಜರ್‌ಎಫ್‌ಎಸ್ ಕೆಲಸ. ಒಂದು ಡಿಸ್ಕ್ ಸತ್ತರೆ ಅದರಲ್ಲಿದ್ದದ್ದನ್ನು ಮರಳಿ ಕಟ್ಟಲು ಬೇಕಾದ ಪ್ಯಾರಿಟಿಯನ್ನು ಸ್ನ್ಯಾಪ್‌ರೇಡ್ ಬೇರೊಂದು ಡಿಸ್ಕಿನಲ್ಲಿ ಇಡುತ್ತದೆ. ಆ ಡಿಸ್ಕ್ ಉಳಿದವುಗಳಲ್ಲಿ ಅತಿ ದೊಡ್ಡದಕ್ಕಿಂತ ಚಿಕ್ಕದಿರಬಾರದು. ಉಳಿದವು 4, 6, 8 ಟಿಬಿ ಹೇಗೆ ಬೇಕಾದರೂ ಇರಲಿ. ಬಡವರ ಪಾಲಿಗೆ ಇದು ದೊಡ್ಡ ಅನುಕೂಲ, ಕೈಯಲ್ಲಿರುವ ಹಳೆಯ ಡಿಸ್ಕೂ ಕೆಲಸಕ್ಕೆ ಬರುತ್ತದೆ. ಕೊರತೆಯೂ ಇದೆ. ಪ್ಯಾರಿಟಿ ರಾತ್ರಿ ಒಮ್ಮೆ ಮಾತ್ರ ಹೊಸದಾಗುವುದರಿಂದ ಅಂದು ಹಗಲು ಹಾಕಿದ್ದಕ್ಕೆ ರಕ್ಷಣೆ ಇರುವುದಿಲ್ಲ. ಒಮ್ಮೆ ಇಟ್ಟರೆ ಬದಲಾಗದ ಫೋಟೊ, ಆಡಿಯೊಗೆ ಇದು ಹೇಳಿ ಮಾಡಿಸಿದ್ದು. ಗಂಟೆಗಂಟೆಗೂ ಬದಲಾಗುವ ಅಂಗಡಿ ಲೆಕ್ಕದ ಡೇಟಾಬೇಸ್‌ಗೆ ಅಲ್ಲ.

ಸಿನಾಲಜಿ ನ್ಯಾಸ್ ಇದೆ. ಅದಕ್ಕೆ ಈ ಪೆಟ್ಟಿಗೆ ಸಿಕ್ಕಿಸಿ ಜಾಗ ಹೆಚ್ಚಿಸಬಹುದೇ?

ಸಿಕ್ಕಿಸಬಹುದು, ಬೇರೆ ಫೋಲ್ಡರಾಗಿ ಕಾಣುತ್ತದೆ, ಬ್ಯಾಕಪ್‌ಗೆ ಬಳಸಬಹುದು. ಒಳಗಿನ ಸ್ಟೋರೇಜ್ ಪೂಲ್‌ಗೆ ಯುಎಸ್‌ಬಿ ಡಿಸ್ಕ್ ಸೇರುವುದಿಲ್ಲ. ಅದಕ್ಕೆ ಅವರದೇ ವಿಸ್ತರಣಾ ಪೆಟ್ಟಿಗೆ ಬೇಕು, ಅದೂ ಕೆಲವು ಮಾಡೆಲ್‌ಗಳಿಗೆ ಮಾತ್ರ ಹೊಂದುತ್ತದೆ.

ರಾಸ್ಪ್‌ಬೆರಿ ಪೈ ಸಾಕೇ?

ಪೈ ಎನ್ನುವುದು ಅಂಗೈಯಷ್ಟು ಸಣ್ಣ ಕಂಪ್ಯೂಟರ್. ಅದರ ಪೈ 4 ಮಾಡೆಲ್ ತನ್ನ ಎಲ್ಲ ಯುಎಸ್‌ಬಿ ಪೋರ್ಟ್‌ಗಳಿಗೂ ಸೇರಿಸಿ ಕೊಡುವುದು 1.2 ಆಂಪಿಯರ್. ಆದ್ದರಿಂದ ಪವರ್ ಬೇರೆ ಇಲ್ಲದ ಎರಡು ಪಾಕೆಟ್ ಡಿಸ್ಕ್ ಸಿಕ್ಕಿಸಿದರೆ ತೊಡರುತ್ತದೆ. ಸ್ವಂತ ಅಡಾಪ್ಟರ್ ಇರುವ ಪೆಟ್ಟಿಗೆಯಾದರೆ ಸರಿ. ಆದರೂ ಅಷ್ಟೇ ದುಡ್ಡಿಗೆ ಸೆಕೆಂಡ್‌ಹ್ಯಾಂಡ್ ಆಫೀಸ್ ಪಿಸಿ ಸಿಗುವಂತಿದ್ದರೆ ನಾನು ಪಿಸಿಯನ್ನೇ ತರುತ್ತೇನೆ.

ಯಾವ ಡಿಸ್ಕ್? ಎಸ್‌ಎಂಆರ್ ಅಂದರೆ ಏನು?

ಹೆಂಚು ಹೊದಿಸಿದ ಹಾಗೆ ಟ್ರ್ಯಾಕ್‌ಗಳನ್ನು ಒಂದರ ಅಂಚಿನ ಮೇಲೆ ಒಂದು ಹೊದಿಸಿ ಹೆಚ್ಚು ಜಾಗ ಮಾಡಿದ ಡಿಸ್ಕ್ ಎಸ್‌ಎಂಆರ್. ನಡುವಿನ ಹೆಂಚು ಬದಲಿಸಬೇಕಾದರೆ ಅದರ ಮೇಲೆ ಒರಗಿದವನ್ನೂ ಎತ್ತಬೇಕಲ್ಲ, ಇಲ್ಲೂ ಹಾಗೆಯೇ, ಅಕ್ಕಪಕ್ಕದ್ದನ್ನೂ ಮತ್ತೆ ಬರೆಯಬೇಕು. ಹೆಚ್ಚು ಹೊತ್ತು ಬರೆದರೆ ವೇಗ ನೆಲಕ್ಕೆ ಬೀಳುತ್ತದೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ರೆಡ್ ಸಾಲಿನ ಕೆಲವು ಡಿಸ್ಕ್‌ಗಳು ಎಸ್‌ಎಂಆರ್ ಎಂದು ಹೊರಬಂದು ಗಲಾಟೆಯಾದ ಮೇಲೆ, ಹೀಗೆ ಹೊದಿಸದ ಸಿಎಂಆರ್ ಬಗೆಯವಕ್ಕೆ ರೆಡ್ ಪ್ಲಸ್ ಎಂಬ ಹೆಸರು ಬಂತು. ಸ್ನ್ಯಾಪ್‌ರೇಡ್‌ನಲ್ಲಿ ಫೋಟೊ ಇಡುವ ಡಿಸ್ಕ್ ಎಸ್‌ಎಂಆರ್ ಆದರೂ ನಡೆಯುತ್ತದೆ. ಪ್ಯಾರಿಟಿ ಡಿಸ್ಕ್ ಸಿಎಂಆರ್ ಇರಲಿ.

ಕೊಳ್ಳುವಾಗ ಒಟ್ಟು ಬೆಲೆ ನೋಡಬೇಡಿ, ಒಂದು ಟಿಬಿಗೆ ಎಷ್ಟು ಬಿತ್ತು ಎಂದು ಭಾಗಿಸಿ. ಅದರ ಜೊತೆ ಬೇ ಲೆಕ್ಕವನ್ನೂ ಹಿಡಿಯಿರಿ, ನಾಲ್ಕು 4 ಟಿಬಿಯಿಂದ ಬೇ ತುಂಬಿಸಿಬಿಟ್ಟರೆ ಮುಂದೆ ಬೆಳೆಯಲು ಜಾಗ ಎಲ್ಲಿ? 8 ಟಿಬಿ ಡಿಸ್ಕ್ ವಿಂಡೋಸ್‌ನಲ್ಲಿ 7.27 ಎಂದು ಕಂಡರೆ ಮೋಸವಲ್ಲ, ಎಣಿಸುವ ಕ್ರಮ ಬೇರೆ.

ಸೀಲ್ ಆದ ಎಕ್ಸ್‌ಟರ್ನಲ್ ಡಿಸ್ಕ್ ಒಡೆದು ಒಳಗಿನದನ್ನು ಹಾಕಬಹುದೇ? ಸೆಕೆಂಡ್‌ಹ್ಯಾಂಡ್?

ಆಫರ್ ಬಂದಾಗ ಸೀಲ್ ಆದದ್ದು ಬಿಡಿ ಡಿಸ್ಕಿಗಿಂತ ಅಗ್ಗ ಇರುತ್ತದೆ, ಒಡೆಯುವವರು ಬಹಳ. ಒಡೆದರೆ ವಾರಂಟಿ ಆಸೆ ಬಿಡಬೇಕು. ಒಡೆಯುವ ಮೊದಲು ಹಾಗೆಯೇ ಯುಎಸ್‌ಬಿಯಲ್ಲಿ ಪೂರ್ತಿ ಪರೀಕ್ಷೆ ಮಾಡಿ. ಕೆಲವು ಮಾಡೆಲ್‌ಗಳ ಬೋರ್ಡು ಡೇಟಾವನ್ನು ಎನ್‌ಕ್ರಿಪ್ಟ್ ಮಾಡಿರುತ್ತದೆ, ಆ ಬೋರ್ಡಿಲ್ಲದೆ ಓದಲಾಗದು, ಹಾಗಾಗಿ ಮೊದಲೇ ಏನನ್ನೂ ತುಂಬಬೇಡಿ. ಡೆಸ್ಕ್‌ಟಾಪಿನ ಪವರ್ ಸಪ್ಲೈಗೆ ಹಾಕಿದಾಗ ಡಿಸ್ಕ್ ತಿರುಗದೇ ಇದ್ದರೆ 3.3 ವೋಲ್ಟಿನ ಮೂರನೇ ಪಿನ್ ಕಾರಣವಿರಬಹುದು. ಅದರ ಮೇಲೆ ಕರೆಂಟ್ ಹಾಯಗೊಡದ ಕ್ಯಾಪ್ಟಾನ್ ಟೇಪಿನ ಸಣ್ಣ ತುಂಡು ಅಂಟಿಸುತ್ತಾರೆ.

ಸೆಕೆಂಡ್‌ಹ್ಯಾಂಡ್ ಡಿಸ್ಕಿನಲ್ಲಿ ಸ್ಮಾರ್ಟ್ ವರದಿಯ 5 (ಕೆಟ್ಟು ಬದಲಿಸಿದ ಸೆಕ್ಟರ್) ಮತ್ತು 197ನೇ (ಕೆಟ್ಟಿರಬಹುದಾದ ಸೆಕ್ಟರ್) ಸಾಲು ಸೊನ್ನೆ ಇರಬೇಕು. 199 ಏರುತ್ತಿದ್ದರೆ ಸಾಮಾನ್ಯವಾಗಿ ಕೇಬಲ್‌ನ ದೋಷ. ಹೊಸದಿರಲಿ ಹಳೆಯದಿರಲಿ, ಬ್ಯಾಡ್‌ಬ್ಲಾಕ್ಸ್ ಎಂಬ ಲಿನಕ್ಸ್ ಪ್ರೋಗ್ರಾಂನಲ್ಲಿ ಪೂರ್ತಿ ಬರೆದು ಓದಿ ನೋಡಿ. 8 ಟಿಬಿಗೆ ನಾಲ್ಕು ದಿನದಷ್ಟು ಹಿಡಿಯುತ್ತದೆ. ಅದರಲ್ಲಿ ಇರುವುದನ್ನೆಲ್ಲ ಅಳಿಸುವ ಪರೀಕ್ಷೆ ಅದು, ಖಾಲಿ ಡಿಸ್ಕಿಗೆ ಮಾತ್ರ.

ಕರೆಂಟ್ ಬಿಲ್ ಎಷ್ಟು ಏರುತ್ತದೆ?

ನಾಲ್ಕು ಡಿಸ್ಕ್ ಮತ್ತು ಫ್ಯಾನ್ ಸೇರಿ ಸುಮಾರು 25 ವ್ಯಾಟ್ ಎಂದು ಹಿಡಿಯಿರಿ. ದಿನಕ್ಕೆ 0.6 ಯೂನಿಟ್, ತಿಂಗಳಿಗೆ 18. ಒಂದು ದೊಡ್ಡ ಡಿಸ್ಕಿನಿಂದ ನಾಲ್ಕು ಸಣ್ಣದರ ಕೆಲಸ ಮುಗಿಸಿದರೆ ಇದು ಬಹುಪಾಲು ಇಳಿಯುತ್ತದೆ. ಆಫೀಸ್, ಡೇಟಾ ಸೆಂಟರ್‌ನಿಂದ ಹೊರಬಂದ 24 ಡಿಸ್ಕಿನ ಎಸ್‌ಎಎಸ್ ಶೆಲ್ಫ್ (ದೊಡ್ಡ ಸರ್ವರ್‌ಗಳ ಡಿಸ್ಕ್ ಪೆಟ್ಟಿಗೆ) ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಒಂದು ಬೇ ಲೆಕ್ಕದಲ್ಲಿ ಅದಕ್ಕಿಂತ ಅಗ್ಗ ಯಾವುದೂ ಇಲ್ಲ, ನಿಜ. ಆದರೆ ಅದರ ಸದ್ದಿಗೆ ಮನೆಯಲ್ಲಿ ಯಾರೂ ಮಲಗಲಾರರು.

ಮಳೆಗಾಲದಲ್ಲಿ ಏನು ಎಚ್ಚರ?

ಗುಡುಗು ಶುರುವಾದರೆ ಪ್ಲಗ್ ಕಿತ್ತರೆ ಸಾಲದು, ಲ್ಯಾನ್ ಕೇಬಲನ್ನೂ ಕೀಳಿ. ಸಿಡಿಲು ಜಗಲಿ ಮೇಲೆ ಹಾದ ಕೇಬಲಿನಿಂದಲೂ ಒಳಗೆ ಬರುತ್ತದೆ. ಓಡುತ್ತಿರುವ ಡಿಸ್ಕ್ ತನ್ನ ಬಿಸಿಯಲ್ಲೇ ಒಣಗಿರುತ್ತದೆ, ತೇವ ಕೂರುವುದು ಕಪಾಟಿನಲ್ಲಿಟ್ಟ ಬ್ಯಾಕಪ್ ಡಿಸ್ಕಿಗೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಬೇಸಿಗೆಯಲ್ಲಿ ಡಿಸ್ಕಿನ ಬಿಸಿ 45 ಡಿಗ್ರಿ ದಾಟದ ಹಾಗೆ ನೋಡಿಕೊಳ್ಳಿ.

ಪ್ಯಾರಿಟಿ ಇದ್ದ ಮೇಲೆ ಬ್ಯಾಕಪ್ ಯಾಕೆ?

ಪ್ಯಾರಿಟಿ ಇರುವುದು ಡಿಸ್ಕ್ ಸತ್ತರೆ ಎಂದು. ಸಿಡಿಲು, ಕಳ್ಳತನ, ವೈರಸ್, ತಪ್ಪಿ ಅಳಿಸಿದ್ದು ಯಾವುದಕ್ಕೂ ಅಲ್ಲ. ಅಪ್ಪಯ್ಯನ ಕ್ಯಾಸೆಟ್‌ಗಳ ಫಿತೆ ಈಗ ಬೂಸ್ಟು ಹಿಡಿದಿದೆ, ಮತ್ತೆ ಓಡಿಸಲಾಗದು. ಅವು ಮನೆಯ ಸರ್ವರಿನಲ್ಲಿ ಒಂದು, ಕಪಾಟಿನ ಡಿಸ್ಕಿನಲ್ಲಿ ಒಂದು, ಮೈಸೂರಿನಲ್ಲಿ ಅಕ್ಕನ ಮನೆಯಲ್ಲಿ ಒಂದು, ಹೀಗೆ ಮೂರು ಕಡೆ ಇವೆ. ಪೆಟ್ಟಿಗೆ ಅಗ್ಗದ್ದು ಕೊಂಡು ಉಳಿದ ದುಡ್ಡು ಹೋದದ್ದು ಅಕ್ಕನ ಮನೆಯ ಆ ಡಿಸ್ಕಿಗೆ. ಸಿನಿಮಾ, ಮತ್ತೆ ಡೌನ್‌ಲೋಡ್ ಮಾಡಬಹುದಾದದ್ದಕ್ಕೆ ಬ್ಯಾಕಪ್ ಇಲ್ಲ, ಬೇಕಾಗಿಯೂ ಇಲ್ಲ.

ಡಿಸ್ಕ್ ಕೈಕೊಟ್ಟರೆ ಮೊದಲು ಏನು ಮಾಡಬೇಕು?

ಏನನ್ನೂ ಬರೆಯಬೇಡಿ, ರಾತ್ರಿಯ ಪ್ಯಾರಿಟಿ ಕೆಲಸವನ್ನು ನಿಲ್ಲಿಸಿ. ಆಮೇಲೆ ಕೇಬಲ್, ಅಡಾಪ್ಟರ್, ಬೇ ಬದಲಿಸಿ ನೋಡಿ, ಎಷ್ಟೋ ಸಲ ಡಿಸ್ಕಿನ ತಪ್ಪೇ ಇರುವುದಿಲ್ಲ. ನಿಜವಾಗಿ ಸತ್ತಿದ್ದರೆ ಸರಿಯಾದ ಡಿಸ್ಕನ್ನೇ ಕೀಳಬೇಕು. ಪ್ರತಿ ಟ್ರೇಯ ಮುಂದೆ ಬಿಳಿ ಟೇಪ್ ಅಂಟಿಸಿ ಸೀರಿಯಲ್ಲಿನ ಕೊನೆಯ ನಾಲ್ಕು ಅಕ್ಷರ, ಕೊಂಡ ತಿಂಗಳು, ಒಳಗೇನಿದೆ ಎಂದು ಮಾರ್ಕರ್‌ನಲ್ಲಿ ಬರೆದಿಡಿ. ನನ್ನ ಮೂರನೇ ಟ್ರೇಯ ಮೇಲೆ "ತಾಳಮದ್ದಳೆ, ಕೀಳುವ ಮೊದಲು ನನಗೆ ಫೋನ್ ಮಾಡಿ" ಎಂದಿದೆ.